ಮೋಸಂಬಿ ಹಿಡಿದು ಜ್ವರದ ಮನೆಗೆ

ನಮ್ಮ ಕಡೆ ಕಾಯಿಲೆ ಬಿದ್ದವರಿಗಿಂತ ಅವರನ್ನು ನೋಡಲು ಹೋಗುವವರ ತಯಾರಿಯೇ ಜೋರು. ಯಾವ ವಾರ ಹೋಗಬೇಕು, ಏನು ಹಿಡಿದು ಹೋಗಬೇಕು, ಎಷ್ಟು ಹೊತ್ತು ಕೂರಬೇಕು ಎಂಬುದಕ್ಕೆಲ್ಲ ಎಲ್ಲೂ ಬರೆದಿಡದ ಕಾನೂನುಗಳಿವೆ. ಬರಿಗೈಯಲ್ಲಂತೂ ಹೋಗುವಂತಿಲ್ಲ. ಅರ್ಧ ಡಜನ್ ಮೋಸಂಬಿ, ಒಂದು ಪೌಂಡ್ ಬ್ರೆಡ್ಡು, ಕೈ ಸ್ವಲ್ಪ ಧಾರಾಳವಿದ್ದರೆ ಒಂದು ಬಾಟಲಿ ಹಾರ್ಲಿಕ್ಸ್. ಮಂಚದ ಅಂಚಿಗೇ ಕೂರಬೇಕು, ದೂರದ ಕುರ್ಚಿಯಲ್ಲಿ ಕೂತರೆ ಅದು ಬಂದ ಲೆಕ್ಕವಲ್ಲ. ಹಣೆ ಮುಟ್ಟಿ ನೋಡಿ, "ಅಯ್ಯಯ್ಯೋ, ಕೆಂಡದ ಹಾಗೆ ಸುಡ್ತಿದೆಯಲ್ರೀ" ಎಂದು ಮನೆಯವರಿಗೆಲ್ಲ ಕೇಳುವಂತೆ ಹೇಳಬೇಕು. ಆಮೇಲೆ ಕಥೆ. "ನಮ್ಮ ಷಡ್ಡಕರ ಅಣ್ಣನಿಗೂ ಹೀಗೇ ಶುರುವಾಗಿದ್ದು. ಮೊದಲು ಬರೀ ಕೆಮ್ಮು, ಮೈಕೈ ನೋವು..." ರೋಗಿ ಕ್ಷೀಣವಾಗಿ, "ಆಮೇಲೆ ಏನಾಯ್ತು?" ಎನ್ನುತ್ತಾನೆ. "ಬಿಡಿ, ಈಗ್ಯಾಕೆ ಆ ಮಾತು. ನೀವು ಆರಾಮಾಗಿರಿ" ಎಂದು ಹೇಳಿ ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ರೋಗಿ ಆ ರಾತ್ರಿಯೆಲ್ಲ ಯಾರೋ ಷಡ್ಡಕರ ಅಣ್ಣನನ್ನೇ ನೆನೆಯುತ್ತ ಸೂರು ನೋಡುತ್ತಾನೆ.

ಮುರಿದ ಕಾಲು, ಕಾಮಾಲೆ, ಹರ್ನಿಯಾ ಆಪರೇಶನ್ನು, ಇವು ಯಾವುದೂ ಈ ಪದ್ಧತಿಗೆ ಅಡ್ಡ ಬಂದದ್ದಿಲ್ಲ. ಅಡ್ಡ ಬರುವುದು ಫ್ಲೂ ಒಂದೇ. ಜ್ವರ ಮೈಗೇರುವ ಹಿಂದಿನ ದಿನವೇ ಅದು ಇನ್ನೊಬ್ಬರಿಗೆ ದಾಟಲು ಹೊರಟಿರುತ್ತದೆ. ಕೆಮ್ಮಿದರೆ, ಸೀನಿದರೆ, ಹತ್ತಿರ ಕೂತು ಮಾತಾಡಿದರೂ ಸಾಕು. ಹೀಗಾಗಿ ಮೋಸಂಬಿ ಕೊಟ್ಟು ಬಂದವರು ಬರಿಗೈಯಲ್ಲಿ ವಾಪಸು ಹೋಗುವುದಿಲ್ಲ. ಎರಡು ಮೂರು ದಿನಕ್ಕೆ ಅವರ ಮನೆಯಲ್ಲಿ ಮಂಚ ಹಾಸಿರುತ್ತದೆ, ಈಗ ಅವರನ್ನು ನೋಡಲು ಇನ್ಯಾರೋ ಮೋಸಂಬಿ ಕೊಳ್ಳುತ್ತಿರುತ್ತಾರೆ. ಫ್ಲೂ ಬಂದ ಊರಿನಲ್ಲಿ ಹಣ್ಣಿನ ಅಂಗಡಿಯವನ ವ್ಯಾಪಾರದ ಲೆಕ್ಕ ಬರೆದಿಟ್ಟಿದ್ದರೆ ಆರೋಗ್ಯ ಇಲಾಖೆಗೆ ಬೇರೆ ಸಮೀಕ್ಷೆಯೇ ಬೇಕಾಗುತ್ತಿರಲಿಲ್ಲವೇನೋ.

ಅಕ್ಕರೆಯೂ ರೋಗವೂ ಒಂದೇ ಬಾಗಿಲಿನಿಂದ ಬರುತ್ತವೆ ಎಂದಾಗ ಊರು ಏನು ಮಾಡಬೇಕು? ಈ ಪ್ರಶ್ನೆ ಹಿಡಿದುಕೊಂಡು ಬೇರೆ ಬೇರೆ ಊರುಗಳ ಕಥೆ ಓದುತ್ತ ಹೋದರೆ ಒಂದು ತಮಾಷೆ ಕಾಣುತ್ತದೆ. ಎಲ್ಲ ಊರೂ ಆ ಪ್ರಶ್ನೆಯನ್ನು ಆಮೇಲೆ ನೋಡೋಣ ಎಂದು ಪಕ್ಕಕ್ಕಿಟ್ಟು, ಮೊದಲು "ಇದನ್ನು ತಂದವರು ಯಾರು?" ಎಂದು ಹುಡುಕಲು ಹೊರಡುತ್ತವೆ.

1918ರ ಮಹಾ ಇನ್‌ಫ್ಲುಯೆಂಜಾಕ್ಕೆ ಸ್ಪೇನ್ ದೇಶದ ಹೆಸರು ಅಂಟಿಕೊಂಡದ್ದು ಹೀಗೇ. ಯುದ್ಧದಲ್ಲಿದ್ದ ದೇಶಗಳ ಪತ್ರಿಕೆಗಳು ಸೆನ್ಸಾರಿನ ಕತ್ತರಿಗೆ ಹೆದರಿ ಸುಮ್ಮನಿದ್ದವು. ಸ್ಪೇನ್ ಯುದ್ಧಕ್ಕೆ ಸೇರಿರಲಿಲ್ಲ, ಅಲ್ಲಿನ ಪತ್ರಿಕೆಗಳು ಇದ್ದದ್ದನ್ನು ಇದ್ದ ಹಾಗೆ ಬರೆದವು. ರಾಜ ಹದಿಮೂರನೇ ಅಲ್ಫಾನ್ಸೋನೇ ಹಾಸಿಗೆ ಹಿಡಿದದ್ದೂ ಸುದ್ದಿಯಾಯಿತು. ನಿಜ ಹೇಳಿದ ತಪ್ಪಿಗೆ ರೋಗವೇ ಅವರದಾಯಿತು. ಬ್ರೆಜಿಲಿನವರು ಅದನ್ನು ಜರ್ಮನರ ತಲೆಗೆ ಕಟ್ಟಿದರು, ಪೋಲೆಂಡಿನವರು ಬೋಲ್ಷೆವಿಕರ ತಲೆಗೆ. ನಮ್ಮ ದೇಶದ ಒಳಗೆ ಅದು ಬೊಂಬಾಯಿ ಜ್ವರ, ಏಕೆಂದರೆ 1918ರ ಜೂನ್ ತಿಂಗಳಲ್ಲಿ ಬೊಂಬಾಯಿ ಬಂದರಿನ ಕಾವಲಿಗಿದ್ದ ಪೊಲೀಸ್ ಸಿಪಾಯಿಗಳಲ್ಲಿ ಅದು ಮೊದಲು ಕಾಣಿಸಿತು. ಬೊಂಬಾಯಿಯ ಆರೋಗ್ಯಾಧಿಕಾರಿ ಹಡಗಿನ ಕಡೆ ಬೊಟ್ಟು ಮಾಡಿದರು, ಸರ್ಕಾರದವರು ಬೊಂಬಾಯಿಯ ಕೊಳಕಿನ ಕಡೆ ಬೊಟ್ಟು ಮಾಡಿದರು. ಅಷ್ಟರಲ್ಲಿ ಜ್ವರ ರೈಲು ಹತ್ತಿಯಾಗಿತ್ತು.

2009ರಲ್ಲಿ ಬಂದ ಎಚ್1ಎನ್1 ಫ್ಲೂನ ಪಾಲಿನ ಬೈಗುಳ ತಿಂದದ್ದು ಹಂದಿ. ಹಂದಿಜ್ವರ ಎಂದು ಹೆಸರು ಬಿದ್ದಮೇಲೆ ಪಾಪದ ಪ್ರಾಣಿಗೆ ಉಳಿಗಾಲವುಂಟೇ? ಆಗ ಇಡೀ ಅಫ್ಘಾನಿಸ್ತಾನಕ್ಕೆ ಇದ್ದದ್ದು ಒಂದೇ ಹಂದಿ, ಕಾಬೂಲಿನ ಮೃಗಾಲಯದಲ್ಲಿ, ಚೀನಾದವರು ಕೊಟ್ಟದ್ದು. ಜನ ಹೆದರುತ್ತಾರೆಂದು ಅದನ್ನು ಒಳಗೆ ಕೂಡಿಹಾಕಿದರು. ಮಾತಾಡಲು ಇನ್ನೊಂದು ಹಂದಿಯೂ ಇಲ್ಲದ ಪ್ರಾಣಿಗೆ ಮೇಲಿಂದ ಕ್ವಾರಂಟೈನು! ಕಾಬೂಲಿನದು ನಗುವ ಕಥೆ, ಕೈರೋದ್ದು ಅಲ್ಲ. ಈಜಿಪ್ಟ್ ಸರ್ಕಾರ ದೇಶದಲ್ಲಿದ್ದ ಸುಮಾರು 3 ಲಕ್ಷ ಹಂದಿಗಳನ್ನೂ ಕೊಲ್ಲಿಸಲು ಹೊರಟಿತು. ಜ್ವರ ಹರಡುತ್ತಿರುವುದು ಮನುಷ್ಯರಿಂದ ಮನುಷ್ಯರಿಗೆ, ಇದರಿಂದ ಉಪಯೋಗವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ ಕೇಳಲಿಲ್ಲ. ಆ ಹಂದಿಗಳನ್ನು ಸಾಕುತ್ತಿದ್ದವರು ಜಬ್ಬಾಲೀನರು, ಹೆಚ್ಚಿನವರು ಕ್ರೈಸ್ತರು. ಕೈರೋದ ಮನೆಮನೆಯ ಕಸ ಎತ್ತಿ, ಅದರ ಹಸಿ ಕಸವನ್ನು ಹಂದಿಗೆ ಹಾಕಿ ಬದುಕುತ್ತಿದ್ದವರು. ಹಂದಿ ಹೋದವು, ಹಸಿ ಕಸ ಬೀದಿಯಲ್ಲೇ ಕೊಳೆಯತೊಡಗಿತು. ಒಂದು ರೋಗಕ್ಕೆ ಹೆದರಿ ನಾಲ್ಕು ರೋಗಕ್ಕೆ ಚಾಪೆ ಹಾಸಿದ ಹಾಗಾಯಿತು.

ಯಾರು ತಂದರು ಎಂಬುದು ಇತ್ಯರ್ಥವಾದ ಮೇಲೆ ಅಡುಗೆಮನೆಯ ಸರದಿ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಸೋದರತ್ತೆಯ ಕಷಾಯದ ಬಗ್ಗೆ ಹೇಳದೆ ಮುಂದೆ ಹೋದರೆ ಅವರು ಸುಮ್ಮನೆ ಬಿಡುವವರಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಮೂರನ್ನೂ ದಪ್ಪ ತಳದ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಹುರಿಯುವುದು. ಒಣಶುಂಠಿಯನ್ನು ಒರಳುಕಲ್ಲಿನಲ್ಲಿ ಜಜ್ಜುವುದು. ಮಿಕ್ಸಿಗೆ ಹಾಕಿದರೆ ಅದರ ಗುಣ ಹಾರಿಹೋಗುತ್ತದೆ ಎಂದು ಅವರ ಅಭಿಪ್ರಾಯ. ಕಾಂಪೌಂಡಿನ ಬೇಲಿಗೆ ಹಬ್ಬಿದ ಅಮೃತಬಳ್ಳಿಯ ಒಂದು ಗೇಣು ತುಂಡು, ನಾಲ್ಕು ದೊಡ್ಡಪತ್ರೆ, ಒಂದು ಹಿಡಿ ತುಳಸಿ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯಬೇಕು. ಎಷ್ಟು ಹೊತ್ತು ಕುದಿಸಬೇಕು ಅತ್ತೆ ಎಂದು ಕೇಳಿದ್ದಕ್ಕೆ, "ಪಕ್ಕದ ಮನೆಯವರು ಬಂದು ಯಾರಿಗ್ರೀ ಹುಷಾರಿಲ್ಲ ಅಂತ ಕೇಳೋವರೆಗೂ" ಎಂದಿದ್ದರು. ಕುಡಿಯುವವನು ಮುಖ ಹಿಂಡಿದರೆ ಮಾತ್ರ ಅದು ಸರಿಯಾಗಿ ಆಗಿದೆ ಎಂದರ್ಥ. ಲೋಟ ಖಾಲಿಯಾಗುವವರೆಗೂ ಅವರು ಪಕ್ಕದಲ್ಲಿಂದ ಏಳುವುದಿಲ್ಲ.

ಕಷಾಯ ವೈರಾಣುವನ್ನು ಕೊಲ್ಲುತ್ತದೆಯೇ? ಕೊಲ್ಲುವುದಿಲ್ಲ, ಅತ್ತೆ ಎದುರಿಗಿಲ್ಲದಾಗ ಇದನ್ನು ಧೈರ್ಯವಾಗಿ ಹೇಳಬಹುದು. ಗಂಟಲಿಗೆ ಹಿತ, ಮೈಗೆ ನೀರು, ಪಕ್ಕದಲ್ಲೊಬ್ಬರು, ಇಷ್ಟು ಲಾಭ ನಿಜ. ಮೂರನೆಯದು ಸಣ್ಣದಲ್ಲ, ಅದರ ಮಾತು ಮುಂದೆ ಬರುತ್ತದೆ.

ಮನೆಮದ್ದಿನ ವಿಷಯದಲ್ಲಿ ನಾವೊಬ್ಬರೇ ಹೀಗೆ ಎಂದುಕೊಳ್ಳುವುದು ಬೇಡ. 2009ರ ಆಗಸ್ಟಿನಲ್ಲಿ ಕರ್ಚೀಫಿನ ತುದಿಗೆ ಕರ್ಪೂರ, ಏಲಕ್ಕಿ ಕಟ್ಟಿಕೊಂಡು ಬಸ್ಸಿನಲ್ಲಿ ಮೂಸುತ್ತ ಕೂತವರನ್ನು ಕಂಡು ನಕ್ಕವರಿದ್ದರು. 1918ರಲ್ಲಿ ಅಮೆರಿಕದ ತಾಯಂದಿರು ಮಕ್ಕಳ ಕೊರಳಿಗೆ ಕರ್ಪೂರದ ಪುಟ್ಟ ಚೀಲ ಕಟ್ಟಿಯೇ ಶಾಲೆಗೆ ಕಳಿಸುತ್ತಿದ್ದರು. ಅದೇ ಕರ್ಪೂರ, ಅದೇ ದಾರ. ಈರುಳ್ಳಿ ಹೆಚ್ಚಿ ಕೋಣೆಯ ಮೂಲೆಯಲ್ಲಿಟ್ಟರೆ ಅದು ಜ್ವರವನ್ನು ಹೀರಿಕೊಳ್ಳುತ್ತದೆಂಬ ನಂಬಿಕೆಯೂ ಸಮುದ್ರ ದಾಟಿ ನಮ್ಮ ಮೊಬೈಲಿಗೆ ಬಂದದ್ದೇ. ಇನ್ನೊಂದಿದೆ. ಫ್ಲೂಗೆ ಕೊಡುವ ಟ್ಯಾಮಿಫ್ಲೂ ಮಾತ್ರೆಯ ಮೂಲವಸ್ತುವನ್ನು ಬಹುಪಾಲು ಚಕ್ರಮೊಗ್ಗಿನಿಂದ ತೆಗೆಯುತ್ತಿದ್ದರು, ಅಂದರೆ ನಾವು ಪಲಾವಿಗೆ ಹಾಕುತ್ತೇವಲ್ಲ, ಅದೇ ನಕ್ಷತ್ರದಾಕಾರದ ಮಸಾಲೆ. ಸುದ್ದಿ ಗೊತ್ತಾದದ್ದೇ ತಡ ಪಲಾವಿನಲ್ಲಿ ಅಕ್ಕಿಗಿಂತ ಚಕ್ರಮೊಗ್ಗು ಹೆಚ್ಚಾದ ಮನೆಗಳುಂಟು. ಅದರಲ್ಲಿರುವುದು ಶಿಕಿಮಿಕ್ ಆಮ್ಲ. ಅದು ಔಷಧವಾಗಬೇಕಾದರೆ ಕಾರ್ಖಾನೆಯಲ್ಲಿ ಹಲವಾರು ರಾಸಾಯನಿಕ ಹಂತ ದಾಟಬೇಕು. ಕುಕ್ಕರಿನ ಮೂರು ಸೀಟಿಗೆ ಆಗುವ ಕೆಲಸವಲ್ಲ.

ಮುಚ್ಚುವುದು ಮೂರನೆಯ ವಿದ್ಯೆ. ಶಾಲೆ, ಸಿನಿಮಾ, ಸಂತೆ, ಜಾತ್ರೆ. ಇದು ಕೆಲಸ ಮಾಡುವ ವಿದ್ಯೆ, ಆದರೆ ಸರಿಯಾದ ಹೊತ್ತಿಗೆ ಮಾಡಿದರೆ. ಫಿಲಡೆಲ್ಫಿಯಾದವರು 1918ರ ಸೆಪ್ಟೆಂಬರ್ 28ರಂದು ಯುದ್ಧ ಸಾಲದ ಬಾಂಡು ಮಾರಲು ದೊಡ್ಡ ಮೆರವಣಿಗೆ ತೆಗೆದರು. ಜ್ವರ ಊರೊಳಗೆ ಬಂದದ್ದು ಗೊತ್ತಿತ್ತು, ಬೇಡ ಎಂದ ವೈದ್ಯರೂ ಇದ್ದರು. ಆದರೆ ದೇಶಭಕ್ತಿಯ ಮುಂದೆ ನೆಗಡಿಯ ಮಾತೇ? ಸುಮಾರು 2 ಲಕ್ಷ ಜನ ಭುಜಕ್ಕೆ ಭುಜ ತಾಗಿಸಿ ನಿಂತರು. ಮೂರು ದಿನಕ್ಕೆ ಆಸ್ಪತ್ರೆಗಳಲ್ಲಿ ಮಂಚ ಇರಲಿಲ್ಲ. ಸೇಂಟ್ ಲೂಯಿಯ ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಮಾತ್ರ ವರ್ತಕರ ಬೈಗುಳವನ್ನು ಲೆಕ್ಕಿಸದೆ ಅಕ್ಟೋಬರ್ ಮೊದಲ ವಾರ ಮುಗಿಯುತ್ತಿದ್ದಂತೆ ಎಲ್ಲ ಬಾಗಿಲು ಹಾಕಿಸಿದ. ಜ್ವರ ಉಚ್ಛ್ರಾಯದಲ್ಲಿದ್ದಾಗ ಆ ಊರಿನ ಸಾವಿನ ಪ್ರಮಾಣ ಫಿಲಡೆಲ್ಫಿಯಾದ ಎಂಟನೇ ಒಂದರಷ್ಟಿತ್ತು ಎಂದು ಆಮೇಲೆ ಲೆಕ್ಕ ಹಾಕಿದವರು ಹೇಳಿದ್ದಾರೆ.

ಸ್ಪೇನಿನ ಸಮೋರಾದ ಬಿಷಪ್ಪರದು ಇನ್ನೊಂದೇ ದಾರಿ. ರೋಗಗಳಿಂದ ಕಾಯುವ ಸಂತ ರೋಕನ ಹೆಸರಿನಲ್ಲಿ ಒಂಬತ್ತು ಸಂಜೆಯ ಪ್ರಾರ್ಥನೆ ಇಡಿಸಿದರು. ಇಡೀ ಊರು ಚರ್ಚಿನಲ್ಲಿ ನೆರೆದು ಸಂತನ ಪವಿತ್ರ ಅವಶೇಷಕ್ಕೆ ಸಾಲಾಗಿ ಮುತ್ತಿಟ್ಟಿತು. ಸ್ಪೇನಿನ ನಗರಗಳಲ್ಲೆಲ್ಲ ಅತಿ ಹೆಚ್ಚು ಸಾವಿನ ಪಟ್ಟಿಗೆ ಸಮೋರಾ ಸೇರಿತು. ಬಿಷಪ್ಪರನ್ನು ಹಳಿಯುವುದು ಸುಲಭ. ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದ ಬೆಂಗಳೂರಿನವರಾದ ನಾವು ಅಷ್ಟು ಬೇಗ ಹಳಿಯಬಾರದು. 1898ರ ಪ್ಲೇಗಿಗೆ ಬೆಂಗಳೂರು ಹೊಸ ಬಡಾವಣೆಗಳನ್ನೂ ಕಟ್ಟಿತು, ಅಮ್ಮನ ಗುಡಿಗಳನ್ನೂ ಕಟ್ಟಿತು, ಎರಡಕ್ಕೂ ಒಂದೇ ಹೆದರಿಕೆ ಕಾರಣ. ಹಳ್ಳಿಗಳವರಂತೂ ಇಲಿ ಬಿದ್ದ ತಕ್ಷಣ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಪ್ಲೇಗಿಗೆ ಅದು ಜಾಣ ಉಪಾಯ, ಏಕೆಂದರೆ ಇಲಿ, ಚಿಗಟ ಊರಲ್ಲೇ ಉಳಿಯುತ್ತಿದ್ದವು. ಫ್ಲೂಗೆ ಹೊಲವೇನು, ಗುಡಿಸಲೇನು? ಅದು ಗಂಟುಮೂಟೆ ಹೊತ್ತವನ ಉಸಿರಿನಲ್ಲೇ ಜೊತೆಗೆ ಬರುತ್ತಿತ್ತು.

ಮಾಸ್ಕಿನ ಕಥೆಗೆ ಸ್ಯಾನ್ ಫ್ರಾನ್ಸಿಸ್ಕೋಗೇ ಹೋಗಬೇಕು. 1918ರ ಅಕ್ಟೋಬರಿನಲ್ಲಿ ಅಲ್ಲಿ ಎಲ್ಲರೂ ಬ್ಯಾಂಡೇಜಿಗೆ ಬಳಸುವ ಜಾಳು ಬಟ್ಟೆಯ ಮಾಸ್ಕು ಕಟ್ಟಲೇಬೇಕೆಂದು ಕಾನೂನಾಯಿತು. ಕಟ್ಟದವರಿಗೆ ದಂಡ, ಕೆಲವರಿಗೆ ಜೈಲೂ ಆಯಿತು. ಸಿಗಾರ್ ಸೇದಲು ತೂತು ಕೊರೆದುಕೊಂಡವರು, ಗಲ್ಲಕ್ಕೆ ಜೋತು ಬಿಟ್ಟವರು, ನಾವು 2020ರಲ್ಲಿ ಕಂಡ ಸಕಲ ಅವತಾರಗಳೂ ಅಲ್ಲಿ ಆಗಿಹೋಗಿವೆ. ಮೇಯರ್ ಜೇಮ್ಸ್ ರಾಲ್ಫ್ ಬಾಕ್ಸಿಂಗ್ ನೋಡುತ್ತ ಮಾಸ್ಕು ಕೆಳಗಿಳಿಸಿ ಕೂತಿದ್ದಾಗ ಫೋಟೋಗೆ ಸಿಕ್ಕಿಬಿದ್ದ. ಅವನದೇ ಪೊಲೀಸ್ ಮುಖ್ಯಸ್ಥ ಅವನಿಗೆ 50 ಡಾಲರ್ ದಂಡ ಹಾಕಿದ. ಈ ಒಂದು ಸಂಗತಿಗಾಗಿ ಆ ಊರಿನ ಮೇಲೆ ನನಗೆ ಗೌರವ. ನಮ್ಮಲ್ಲಿ ದಂಡ ಹಾಕಿದವನ ವರ್ಗಾವಣೆಯ ಆದೇಶಕ್ಕೆ ಮಾರನೆಯ ದಿನವೇ ಸಹಿ ಬೀಳುತ್ತಿತ್ತು. ನವೆಂಬರ್ 21ರ ಮಧ್ಯಾಹ್ನ ಸೈರನ್ ಕೂಗಿದ್ದೇ ಜನ ಮಾಸ್ಕು ಕಿತ್ತು ಬೀದಿಗೆಸೆದು ಕುಣಿದರು. ಜ್ವರ ಮತ್ತೆ ಬಂತು. ಜನವರಿಯಲ್ಲಿ ಮತ್ತೆ ಮಾಸ್ಕು ಎಂದಾಗ ಸಿಟ್ಟಿಗೆದ್ದವರು ಮಾಸ್ಕು ವಿರೋಧಿ ಸಂಘವನ್ನೇ ಕಟ್ಟಿದರು, ಅದರ ಸಭೆಗೆ 2 ಸಾವಿರದಷ್ಟು ಜನ ಸೇರಿದರಂತೆ. ಆ ಜಾಳು ಬಟ್ಟೆ ಎಷ್ಟು ತಡೆಯುತ್ತಿತ್ತೋ ದೇವರೇ ಬಲ್ಲ, ಜಗಳಕ್ಕೆ ಮಾತ್ರ ಚೆನ್ನಾಗಿ ಒದಗಿತು.

2009ರಲ್ಲಿ ಪುಣೆಯಲ್ಲಿ ಫ್ಲೂನಿಂದ ದೇಶದ ಮೊದಲ ಸಾವಾದಾಗ ಅಲ್ಲಿ ಶಾಲೆ, ಸಿನಿಮಾ ಮಂದಿರಗಳಿಗೆ ಬೀಗ ಬಿತ್ತು, ಮೊಸರು ಕುಡಿಕೆಯ ಮೇಳಗಳು ಬಣಗುಟ್ಟಿದವು. ಸ್ಕೂಟರ್ ಓಡಿಸುವ ಪುಣೆಯ ಹುಡುಗಿಯರಿಗೆ ಮಾತ್ರ ಹೊಸದಾಗಿ ಕಲಿಯುವುದೇನೂ ಇರಲಿಲ್ಲ, ದೂಳಿಗೆ ಹೆದರಿ ಅವರು ಮೊದಲಿಂದಲೂ ಕಣ್ಣು ಬಿಟ್ಟು ಉಳಿದದ್ದಕ್ಕೆಲ್ಲ ಓಡನಿ ಸುತ್ತುತ್ತಿದ್ದರು. ಬೆಂಗಳೂರಿನ ಮೆಡಿಕಲ್ ಶಾಪುಗಳಲ್ಲಿ ಮಾಸ್ಕು ಮಾಯವಾಯಿತು. ಟ್ಯಾಮಿಫ್ಲೂ ಮೊದಮೊದಲು ಸರ್ಕಾರಿ ವ್ಯವಸ್ಥೆಯಲ್ಲೇ ಸಿಗುತ್ತಿದ್ದದ್ದು. ಹಾಗಾಗಿ ಜ್ವರವಿದ್ದವರು, ಜ್ವರ ಇರಬಹುದೇನೋ ಎಂಬವರು, ಅವರಿಗೆ ಜೊತೆಯಾಗಿ ಬಂದ ಭಾವಮೈದುನರು, ಎಲ್ಲರೂ ಆಸ್ಪತ್ರೆಯಂಗಳದಲ್ಲಿ ಒಂದೇ ಕ್ಯೂ. ಬರುವಾಗ ಜ್ವರವಿರದವರಿಗೆ ಹೋಗುವಾಗ ಅದು ಇರಲಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಈಗ ಮತ್ತೆ ಮಂಚದ ಅಂಚಿಗೆ ಬರೋಣ.

1918ರ ಸೆಪ್ಟೆಂಬರಿನಿಂದ ನಮ್ಮ ದೇಶಕ್ಕೆ ಬಡಿದ ಎರಡನೆಯ ಅಲೆ ಮೊದಲಿನದರಂತೆ ಅಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು, ಯುದ್ಧದಿಂದ ಕಾಳುಕಡ್ಡಿಯ ಬೆಲೆ ಏರಿತ್ತು, ಉಂಡು ಗಟ್ಟಿಯಾಗಿರಬೇಕಾದ ಮೈಗಳು ಆಗಲೇ ಸೊರಗಿದ್ದವು. ಅಕ್ಟೋಬರ್ 6ರಂದು ಬೊಂಬಾಯಿ ನಗರವೊಂದರಲ್ಲೇ 768 ಜನ ಸತ್ತರು. ದೇಶದಲ್ಲಿ ಒಟ್ಟು ಎಷ್ಟು ಎಂಬುದಕ್ಕೆ ಇವತ್ತಿಗೂ ಅಂದಾಜುಗಳೇ, ಹೆಚ್ಚಿನವರು ಹೇಳುವುದು 1.2 ಕೋಟಿಯಿಂದ 1.8 ಕೋಟಿ. ಭಾರತದ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಇಳಿದ ದಶಕ ಒಂದೇ, 1911ರಿಂದ 1921. ಹಿಂದಿ ಕವಿ ನಿರಾಲಾ ಹೆಂಡತಿಯನ್ನೂ ಮನೆಯ ಇನ್ನೆಷ್ಟೋ ಜನರನ್ನೂ ಆಗ ಕಳೆದುಕೊಂಡರು, ಇಪ್ಪತ್ತೆರಡರ ಆಸುಪಾಸಿನ ಪ್ರಾಯದಲ್ಲಿ.

ರೋಗ ವಾಸಿ ಮಾಡುವ ಔಷಧ ಇರಲಿಲ್ಲ. ರೋಗಕ್ಕೆ ಕಾರಣ ವೈರಾಣು ಎಂಬುದೇ ಗೊತ್ತಿರಲಿಲ್ಲ; ಮನುಷ್ಯರ ಫ್ಲೂ ವೈರಾಣುವನ್ನು ಬೇರ್ಪಡಿಸಿದ್ದು 1933ರಲ್ಲಿ. ಇದ್ದ ಡಾಕ್ಟರುಗಳಲ್ಲಿ ಬಹಳ ಮಂದಿ ಯುದ್ಧಕ್ಕೆ ಹೋಗಿದ್ದರು. ಹಾಗಿದ್ದರೆ ಬದುಕಿದವರು ಹೇಗೆ ಬದುಕಿದರು? ಆರೈಕೆ ಸಿಕ್ಕವರು ಬದುಕುವ ಸಂಭವ ಹೆಚ್ಚಿತ್ತು. ನೀರು, ಗಂಜಿ, ಹೊದಿಕೆ, ಮಗ್ಗುಲು ಬದಲಿಸುವ ಒಂದು ಕೈ. ಫ್ಲೂನ ಕ್ರೌರ್ಯ ಇರುವುದೇ ಇಲ್ಲಿ, ಮನೆಯವರನ್ನೆಲ್ಲ ಒಟ್ಟಿಗೇ ಮಲಗಿಸುತ್ತದೆ. ಒಲೆ ಹಚ್ಚುವವರಿಲ್ಲ, ಕೊಡ ತುಂಬುವವರಿಲ್ಲ. ಜ್ವರದಿಂದ ಸಾಯದವನು ಬಾಯಾರಿ ಸಾಯಬಹುದು. ಆ ಹೊತ್ತಿಗೆ ಬೊಂಬಾಯಿಯಲ್ಲಿ ಸೋಷಿಯಲ್ ಸರ್ವಿಸ್ ಲೀಗಿನವರು, ಜಾತಿಜಾತಿಯ ಸಂಘದವರು ಚಾಳುಗಳಿಗೆ ಹೋಗಿ ಹಾಲು, ಔಷಧಿ, ಕಂಬಳಿ ಕೊಟ್ಟರು, ತಾತ್ಕಾಲಿಕ ಆಸ್ಪತ್ರೆ ತೆರೆದರು. ಗುಜರಾತಿನಲ್ಲಿ ಕಲ್ಯಾಣಜಿ ಮೆಹ್ತಾ, ದಯಾಳಜಿ ದೇಸಾಯಿಯವರ ಹುಡುಗರು ಸೂರತ್ತಿನ ಸುತ್ತ ಹಳ್ಳಿಹಳ್ಳಿಗೆ ಔಷಧಿ ಹೊತ್ತು ತಿರುಗಿದರು. ಸರ್ಕಾರ ಕೈಚೆಲ್ಲಿದ ಕಡೆ ಊರೇ ಎದ್ದು ನಿಂತಿತು ಎನ್ನುವುದು ಉತ್ಪ್ರೇಕ್ಷೆಯಲ್ಲ, ಸರ್ಕಾರಿ ವರದಿಗಳೇ ಸ್ವಯಂಸೇವಕರನ್ನು ಹೊಗಳಿವೆ.

ಅದೇ ವರದಿಗಳಲ್ಲಿ ಇನ್ನೊಂದು ಸಾಲಿನ ಲೆಕ್ಕವೂ ಇದೆ. ನಮ್ಮ ದೇಶದಲ್ಲಿ ಆ ಜ್ವರಕ್ಕೆ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು, ಅದರಲ್ಲೂ ಪ್ರಾಯದವರು. ಕಾರಣ ಹುಡುಕಲು ಪಂಡಿತರು ಬೇಕಿಲ್ಲ. ಉಳಿದವರು ಉಂಡ ಮೇಲೆ ಉಣ್ಣುತ್ತಿದ್ದವರು ಅವರು, ಗಾಳಿಯಾಡದ ಕೋಣೆಯಲ್ಲಿ ಹೊಗೆ ಕುಡಿಯುತ್ತಿದ್ದವರು ಅವರು, ಗಂಡ, ಅತ್ತೆ, ಮಕ್ಕಳ ಮಂಚದ ಅಂಚಿಗೆ ರಾತ್ರಿಯೆಲ್ಲ ಕೂತವರೂ ಅವರೇ. ಅವರಿಗೆ ಜ್ವರ ಬಂದಾಗ ಆ ಅಂಚಿನಲ್ಲಿ ಯಾರೂ ಇರಲಿಲ್ಲ. ಮೊದಲು ಮನೆ ತುಂಬ ಇದ್ದ ನೆಂಟರು ಮೋಸಂಬಿ ಇಟ್ಟು, ಷಡ್ಡಕರ ಅಣ್ಣನ ಕಥೆ ಹೇಳಿ, ಎದ್ದು ಹೋಗಿದ್ದರು.

ನೋಡಿಕೊಳ್ಳುವುದೂ ನೋಡಿಕೊಂಡು ಹೋಗುವುದೂ ಬೇರೆಬೇರೆ ಎಂದು ಊರು ಕಲಿಯುವುದು ನಿಧಾನ. ಮೊದಲನೆಯದಕ್ಕೆ ಒಬ್ಬರು ಸಾಕು, ಎರಡನೆಯದಕ್ಕೆ ಬೀದಿಯೆಲ್ಲ ಬರುತ್ತದೆ. 2023ರ ಫೆಬ್ರುವರಿ ಮಾರ್ಚಿನಲ್ಲಿ ಎಚ್3ಎನ್2 ಎಂಬ ಫ್ಲೂ ಓಡಾಡಿತಲ್ಲ, ಆಗ ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಮನೆಯವರು ಗಂಡ, ಹೆಂಡತಿ, ಮಗು ಮೂವರೂ ಮಲಗಿದರು. ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿದ್ದದ್ದೇ ಕೈಮುಗಿಯುವ ಚಿತ್ರಗಳ ಸುರಿಮಳೆ. ಒಬ್ಬರು ಉಪ್ಪುನೀರು ಮುಕ್ಕಳಿಸಿ ಎಂದರು, ಇನ್ನೊಬ್ಬರು ಲಿಫ್ಟಿನ ಗುಂಡಿ ಒರೆಸಿದ್ದೀರಾ ಎಂದು ಸೆಕ್ರೆಟರಿಯನ್ನು ಕೇಳಿದರು, ಮತ್ತೊಬ್ಬರು ಇದು ಚೀನಾದ್ದೇ ಎಂದು ತೀರ್ಪು ಕೊಟ್ಟರು. ಮನೆಯಲ್ಲಿ ಹಾಲಿದೆಯೇ ಎಂದು ಯಾರೂ ಕೇಳಲಿಲ್ಲ.

ಗುಂಪಿನಲ್ಲಿಲ್ಲದ ಮೂರನೇ ಮಹಡಿಯ ಅಜ್ಜಿ ಮಾತ್ರ ಟಿಫಿನ್ ಕ್ಯಾರಿಯರ್ ಹಿಡಿದು ಇಳಿದರು. ಮೇಲಿನ ಡಬ್ಬಿಯಲ್ಲಿ ಮೆಣಸಿನ ಸಾರು, ಕೆಳಗಿನದರಲ್ಲಿ ಮೆತ್ತಗೆ ಬೆಂದ ಅನ್ನ, ನಡುವಿನದರಲ್ಲಿ ಹೆಸರುಬೇಳೆ ತೊವ್ವೆ. ಬಾಗಿಲ ಹಿಡಿಗೆ ತಗುಲಿಹಾಕಿ, ಬೆಲ್ಲೊತ್ತಿ, ಮೆಟ್ಟಿಲವರೆಗೆ ಹಿಂದೆ ಸರಿದು ಅಲ್ಲಿಂದಲೇ ಕೂಗಿದರು: "ಈಗಲೇ ತೆಗೀಬೇಡ ಕಣಮ್ಮ. ನಾನು ಮೇಲೆ ಹೋದ್ಮೇಲೆ ತಗೋ. ಮಗೂಗೆ ಸಾರು ಮೊದಲು ಕುಡಿಸು." ಜ್ವರ ಬಿಡುವವರೆಗೂ ಇದು ನಡೆಯಿತು. ಹಣೆ ಮುಟ್ಟಲಿಲ್ಲ, ಕಥೆ ಹೇಳಲಿಲ್ಲ. ಯಾವ ಇಲಾಖೆಯ ಸುತ್ತೋಲೆಯನ್ನೂ ಅವರು ಓದಿದವರಲ್ಲ.

ತೊಡಕು ಬಂದದ್ದು ಕೊನೆಗೆ. ಖಾಲಿ ಡಬ್ಬಿ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ಆ ಮನೆಯಾಕೆ ಕ್ಯಾರಿಯರನ್ನು ಬಿಸಿನೀರಿನಲ್ಲಿ ತೊಳೆದು, ಮೇಲಿನ ಡಬ್ಬಿಗೆ ಸಕ್ಕರೆ ತುಂಬಿಸಿ ಕಳಿಸಿದಳು. ಅಜ್ಜಿಯ ಮನೆಯಲ್ಲಿ ಚರ್ಚೆ ಶುರುವಾಯಿತು. ಜ್ವರದ ಮನೆಯ ಸಕ್ಕರೆ, ಕಾಫಿಗೆ ಹಾಕುವುದು ಬೇಡ ಎಂದು ಮಗ. ಲಕ್ಷ್ಮಿಯನ್ನು ಚೆಲ್ಲುವುದುಂಟೇ ಎಂದು ಅಜ್ಜಿ. ಕಡೆಗೆ ಅವರೇ ದಾರಿ ಕಂಡುಕೊಂಡರು: "ಶಾವಿಗೆ ಪಾಯಸಕ್ಕೆ ಹಾಕಿದ್ರಾಯ್ತು, ಹೇಗೂ ಕುದಿಯತ್ತೆ." ಮಗ ಮತ್ತೆ ಏನೋ ಹೇಳಲು ಬಾಯಿ ತೆಗೆದ. "ನೀನು ಮೊದಲು ಆ ಮಾಸ್ಕನ್ನ ಮೂಗಿನ ಮೇಲೆ ಹಾಕ್ಕೋ, ಆಮೇಲೆ ನನಗೆ ಬುದ್ಧಿ ಹೇಳುವೆಯಂತೆ" ಎಂದು ಅಜ್ಜಿ ಶಾವಿಗೆ ಹುರಿಯಲು ಎದ್ದರು.